ಒಂದು ರಾತ್ರಿ ಇಟ್ಟ ನೀರು

ಉದಗಮಂಡಲ
೩ ಜುಲೈ ೨೦೨೪

ಚಿರಂಜೀವಿ ನಂಜುಂಡೇಶನಿಗೆ ಅಕ್ಕ ಶಾಂತಲಾಳ ಆಶೀರ್ವಾದ.

ಅಮ್ಮನ ಹನ್ನೊಂದನೇ ದಿನ, ಇನ್ನು ನಿನ್ನ ಜೊತೆ ಮಾತಾಡುವುದಿಲ್ಲ ಎಂದು ನೆಂಟರೆಲ್ಲರ ಮುಂದೆ ಹೇಳಿ ಬಂದವಳು ನಾನು. ಎರಡು ವರ್ಷವಾಗುತ್ತಾ ಬಂತು, ಆ ಮಾತು ಈಗಲೂ ಹಾಗೇ ಇದೆ. ಫೋನಿನಲ್ಲಿ ನನ್ನ ದನಿ ನಿನಗೆ ಕೇಳಿಸುವುದಿಲ್ಲ. ಆದರೆ ಕಾಗದ ಬರೆಯುವುದಿಲ್ಲ ಎಂದು ನಾನು ಹೇಳಿರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ, ಕುಣಿಯಬೇಡ.

ವಿಷಯ ಇಷ್ಟು. ಮೇ ತಿಂಗಳಲ್ಲಿ ನಿವೃತ್ತಳಾದೆ. ಮೂವತ್ತೊಂದು ವರ್ಷ ಗಣಿತ ಕಲಿಸಿದ್ದಕ್ಕೆ ಶಾಲೆಯವರು ಒಂದು ಶಾಲು ಹೊದಿಸಿ, ಲ್ಯಾಬಿನಲ್ಲಿ ಧೂಳು ಹಿಡಿದಿದ್ದ ಎರಡಡಿ ಗಾಜಿನ ತೊಟ್ಟಿಯನ್ನು ಬೀಳ್ಕೊಡುಗೆ ಎಂದು ಕೊಟ್ಟರು. ಶಾಲು ಕೊಡುವಾಗ ಚಪ್ಪಾಳೆ ಬಿತ್ತು, ತೊಟ್ಟಿಯನ್ನು ಆಟೋಗೆ ಏರಿಸುವಾಗ ಒಬ್ಬರೂ ಇರಲಿಲ್ಲ. ಒಂದು ತಿಂಗಳಿಂದ ಅದರಲ್ಲಿ ನೀರು, ಪಾಚಿ, ಸ್ಪಂಜಿನ ಫಿಲ್ಟರ್ ಎಲ್ಲ ಇದೆ. ಜೀವ ಮಾತ್ರ ಇಲ್ಲ. ಮೀನು ನನಗೆ ಬೇಡ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುವ ಮುಖಗಳನ್ನು ಸಾಕಷ್ಟು ನೋಡಿಯಾಗಿದೆ.

ನೀನು ಒಂಬತ್ತು ವರ್ಷದಿಂದ ಕೆಂಪು ಸೀಗಡಿ ಸಾಕುತ್ತಿದ್ದೀಯ. ಆಗೆಲ್ಲ ನಾನು ನಕ್ಕಿದ್ದೆ. ಈಗ ಮೊಣಕಾಲು ನೋವು, ಹೊರಗೆ ತಿರುಗಾಟ ಇಲ್ಲ. ಒಂದಷ್ಟು ಕಳುಹಿಸು. ಬೆಳಗಿನ ಬಸ್ಸಿನ ಕಂಡಕ್ಟರ್ ಸುಧಾಕರನ್ ನನ್ನ ಹಳೆಯ ವಿದ್ಯಾರ್ಥಿ, ಅವನ ಕೈಗೆ ಕೊಟ್ಟರೆ ತರುತ್ತಾನೆ. ಸಾಕುವ ಕ್ರಮವನ್ನೂ ಬರೆ. ಹಳೆಯ ವಿಷಯ ಯಾವುದನ್ನೂ ಎತ್ತುವುದು ಬೇಡ.

ಶಾಂತಲಾ


ತೊರಪಳ್ಳಿ
೯ ಜುಲೈ ೨೦೨೪

ಅಕ್ಕನಿಗೆ ನಂಜುಂಡನ ನಮಸ್ಕಾರ.

ಈ ಡಬ್ಬದಲ್ಲಿ ಹನ್ನೆರಡು ಇವೆ. ಚೀಲವನ್ನು ತಕ್ಷಣ ತೊಟ್ಟಿಗೆ ಸುರಿಯಬೇಡ. ಅರ್ಧ ಗಂಟೆ ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಬಿಡು. ಆಮೇಲೆ ಸೀಗಡಿಗಳನ್ನು ಚೀಲದ ನೀರಿನ ಸಮೇತ ಒಂದು ಬಟ್ಟಲಿಗೆ ಬಿಟ್ಟು, ಜೊತೆಗಿಟ್ಟಿರುವ ಕೊಳವೆಯಲ್ಲಿ ತೊಟ್ಟಿಯ ನೀರನ್ನು ಹನಿ ಹನಿಯಾಗಿ ಇಳಿಸು. ಅಮ್ಮನಿಗೆ ಗ್ಲುಕೋಸ್ ಹಾಕುತ್ತಿದ್ದ ಕೊಳವೆಯಂಥದ್ದೇ. ಎರಡು ಗಂಟೆ ಬೇಕು, ಅವಸರ ಮಾಡಬೇಡ.

ನಿಮ್ಮೂರಿನ ಚಳಿಗೆ ಅವು ಬದುಕಿಯಾವು, ಮರಿ ಮಾಡುವುದಿಲ್ಲ. ಸಣ್ಣ ಹೀಟರ್ ತಂದು ಇಪ್ಪತ್ತಮೂರು ಡಿಗ್ರಿಗೆ ಇಡು. ವಾರಕ್ಕೆರಡು ಸಲ ಬೆಂದ ಪಾಲಕ್ ಎಲೆ ಅಥವಾ ಸೀಮೆಬದನೆಯ ಒಂದು ತೆಳ್ಳನೆ ಹೋಳು ಸಾಕು. ಮೊದಲ ಎರಡು ವಾರ ನೀರು ಬದಲಿಸಬೇಡ. ಆಮೇಲೆ ವಾರಕ್ಕೊಮ್ಮೆ ಸ್ವಲ್ಪ ತೆಗೆದು ಸ್ವಲ್ಪ ಹಾಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಹಾಗೇ ಹಾಕಬೇಡ. ಬಾಯಿ ತೆರೆದ ಪಾತ್ರೆಯಲ್ಲಿ ಒಂದು ರಾತ್ರಿ ಇಟ್ಟು ಮರುದಿನ ಹಾಕು.

ಹಳೆಯ ವಿಷಯ ಎತ್ತಬೇಡ ಎಂದಿದ್ದೀಯ. ಒಂದೇ ಮಾತು ಬರೆದು ಮುಗಿಸುತ್ತೇನೆ. ಅಮ್ಮನ ತಾಮ್ರದ ಬಿಂದಿಗೆ ನಿನಗೆ ಬೇಕು ಎಂದೆ. ಅದು ಸೊಸೆಗೆ ಸೇರಬೇಕಾದ್ದು ಎಂದು ನಾನು ಹಟ ಹಿಡಿದೆ. ಈಗ ನಿನಗೂ ಇಲ್ಲ, ನಮ್ಮ ವೀಣಾಳಿಗೂ ಇಲ್ಲ. ಕಮಲಂ ಅದನ್ನು ತನ್ನ ಊರು ದೇವಾಲದಲ್ಲಿ ಯಾರ ಕೈಗೆ ದಾಟಿಸಿದಳೋ. ನಾಲ್ಕು ವರ್ಷ ಅಮ್ಮನನ್ನು ಮಗುವಿನಂತೆ ನೋಡಿಕೊಂಡವಳು ಹೀಗೆ ಮಾಡುತ್ತಾಳೆ ಎಂದುಕೊಂಡಿರಲಿಲ್ಲ. ಇಲ್ಲಿಗೆ ಆ ಮಾತು ಸಾಕು.

ನಂಜುಂಡೇಶ


ಉದಗಮಂಡಲ
೨೨ ಜುಲೈ ೨೦೨೪

ನಂಜುಂಡನಿಗೆ ಆಶೀರ್ವಾದ.

ಒಂದು ಲೆಕ್ಕ ಹೊಂದುತ್ತಿಲ್ಲ. ನೀನು ಕಳುಹಿಸಿದ್ದು ಹನ್ನೆರಡು. ನಿನ್ನೆ ಬೆಳಿಗ್ಗೆ ಒಂದು ಸತ್ತು ಬಿದ್ದಿತ್ತು, ಮೀಸೆ ಕಾಲು ಎಲ್ಲ ಸರಿಯಾಗಿದ್ದವು, ಮೈ ಮಾತ್ರ ಗಾಜಿನಂತೆ ಬಿಳಿಚಿತ್ತು. ಪಾಪ ಎಂದು ಗುಲಾಬಿ ಕುಂಡದಲ್ಲಿ ಹೂತೆ. ಉಳಿದವನ್ನು ಎಣಿಸಿದರೆ ಹನ್ನೆರಡು. ಮೂರು ಸಲ ಎಣಿಸಿದೆ. ನೀನು ಹದಿಮೂರು ಕಳುಹಿಸಿದೆಯಾ, ಇಲ್ಲ ನನಗೆ ಮರುಳು ಹಿಡಿಯಿತಾ?

ಒಟ್ಟಿನಲ್ಲಿ ಚೆನ್ನಾಗಿವೆ. ಪಾಚಿಯ ಮೇಲೆ ಕೂತು ಎರಡೂ ಕೈಯಲ್ಲಿ ತಿನ್ನುತ್ತಲೇ ಇರುತ್ತವೆ, ಒಂದಕ್ಕೂ ಬಿಡುವಿಲ್ಲ. ಬೆಳಿಗ್ಗೆ ಕಾಫಿ ಹಿಡಿದು ಅವುಗಳ ಎದುರು ಕೂತರೆ ಹತ್ತು ಗಂಟೆಯಾದದ್ದೇ ಗೊತ್ತಾಗುವುದಿಲ್ಲ. ಮನೆಗೆ ಯಾರೋ ಬಂದಂತೆ ಆಗಿದೆ.

ಶಾಂತಲಾ


ತೊರಪಳ್ಳಿ
೨೬ ಜುಲೈ ೨೦೨೪

ಅಕ್ಕನಿಗೆ ನಮಸ್ಕಾರ.

ಗಣಿತದ ಟೀಚರ್ ಅಂಗಿಗೆ ಸಂಸ್ಕಾರ ಮಾಡಿದ್ದನ್ನು ಓದಿ ನಾನೂ ವೀಣಾಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದು ಹೆಣ ಅಲ್ಲ ಅಕ್ಕ, ಪೊರೆ. ಬೆಳೆಯುವಾಗ ಹಳೆಯ ಚಿಪ್ಪು ಕಳಚಿ ಬಿಡುತ್ತವೆ. ಇನ್ನು ಮುಂದೆ ಹಾಗೇ ಬಿಡು, ಅವೇ ತಿಂದು ಮುಗಿಸುತ್ತವೆ.

ಪೊರೆ ಬಿಟ್ಟ ಮೇಲೆ ದೊಡ್ಡ ಹೆಣ್ಣುಗಳ ಹೊಟ್ಟೆಯ ಕೆಳಗೆ ನೋಡುತ್ತಿರು. ರಾಗಿ ಕಾಳಿನಷ್ಟು ಹಳದಿ ಮೊಟ್ಟೆಗಳು ಕಂಡರೆ ಬಸುರಿ ಎಂದು ತಿಳಿ. ಒಂದು ತಿಂಗಳು ಹೊತ್ತು ತಿರುಗಿ ಮರಿ ಬಿಡುತ್ತದೆ. ಈಗ ಎರಡು ವಾರ ಕಳೆಯಿತು, ನೀರು ಬದಲಿಸಲು ಶುರು ಮಾಡಬಹುದು.

ನಂಜುಂಡೇಶ


ಉದಗಮಂಡಲ
೧೨ ಆಗಸ್ಟ್ ೨೦೨೪

ನಂಜುಂಡನಿಗೆ ಆಶೀರ್ವಾದ.

ಏಳು ಸತ್ತಿವೆ. ಈ ಸಲ ಅಂಗಿ ಅಲ್ಲ, ಮೈ ಸಮೇತ. ಮೊದಲ ಶನಿವಾರ ನೀರು ಬದಲಿಸಿದ ಮೇಲೆ ಎರಡು, ಎರಡನೇ ಶನಿವಾರದ ಮೇಲೆ ಐದು. ನೀರು ಹಾಕಿದ ಸ್ವಲ್ಪ ಹೊತ್ತಿಗೆಲ್ಲ ದಿಕ್ಕೆಟ್ಟು ಓಡಾಡುತ್ತವೆ, ಗಾಜಿಗೆ ಹೋಗಿ ಬಡಿಯುತ್ತವೆ, ಮರುದಿನ ಪಕ್ಕಕ್ಕೆ ವಾಲಿ ಬಿದ್ದಿರುತ್ತವೆ. ನೀನು ಹೇಳಿದಂತೆಯೇ ಒಂದು ರಾತ್ರಿ ಇಟ್ಟ ನೀರನ್ನೇ ಹಾಕಿದ್ದು. ಒಂದು ಕೂದಲೆಳೆಯಷ್ಟೂ ಕ್ರಮ ತಪ್ಪಿಲ್ಲ. ಏನು ಮಾಡಲಿ?

ಶಾಂತಲಾ


ತೊರಪಳ್ಳಿ
೧೬ ಆಗಸ್ಟ್ ೨೦೨೪

ಅಕ್ಕನಿಗೆ ನಮಸ್ಕಾರ.

ಬೇಜಾರು ಮಾಡಿಕೊಳ್ಳಬೇಡ. ಹೊಸ ನೀರು ತುಂಬಾ ತಣ್ಣಗಿದ್ದಿರಬೇಕು. ಇನ್ನು ಮೇಲೆ ಬೆಚ್ಚಗೆ ಮಾಡಿ, ಚಮಚದಲ್ಲಿ ಹಾಕಿದ ಹಾಗೆ ನಿಧಾನವಾಗಿ ಹಾಕು.

ಇನ್ನೂ ಹತ್ತು ಕಳುಹಿಸಿದ್ದೇನೆ. ಇವು ಮಾಮೂಲಿನವಲ್ಲ, ನನ್ನ ಒಂದನೇ ತೊಟ್ಟಿಯವು. ಒಂಬತ್ತು ವರ್ಷದಿಂದ ಪೇಲವ ಬಣ್ಣದವನ್ನು ಬೇರೆ ಮಾಡುತ್ತಾ, ಕಡುಗೆಂಪಿನವನ್ನು ಉಳಿಸುತ್ತಾ ಬಂದು ಈ ಬಣ್ಣ ನಿಂತಿದೆ. ಯಾರಿಗೂ ಕೊಟ್ಟಿಲ್ಲ. ಎರಡು ಬಸುರಿಯಾಗಿವೆ. ನಿನ್ನೆ ಡಬ್ಬ ಕಟ್ಟಿಟ್ಟಿದ್ದೆ, ರಸ್ತೆಯಲ್ಲಿ ಆನೆ ನಿಂತು ಬಸ್ಸು ತಪ್ಪಿತು. ಇವತ್ತು ಬರುತ್ತಿವೆ.

ನಂಜುಂಡೇಶ


ಉದಗಮಂಡಲ
೨ ಸೆಪ್ಟೆಂಬರ್ ೨೦೨೪

ನಂಜುಂಡನಿಗೆ ಆಶೀರ್ವಾದ.

ಹಳೆಯವು, ಹೊಸವು ಸೇರಿ ಹದಿನೈದು ಇದ್ದವು. ಈಗ ನಾಲ್ಕು ಉಳಿದಿವೆ. ಬಸುರಿಗಳಲ್ಲಿ ಒಂದು ಹೋಯಿತು. ಸತ್ತಾಗಲೂ ಮೊಟ್ಟೆಗಳನ್ನು ಬಿಟ್ಟಿರಲಿಲ್ಲ. ನೀರನ್ನು ಬೆಚ್ಚಗೆ ಮಾಡಿಯೇ ಹಾಕಿದ್ದೆ. ನೀನು ಯಾರಿಗೂ ಕೊಡದ್ದನ್ನು ನನಗೆ ಕೊಟ್ಟೆ. ನನಗೆ ಅಳು ಬಂತು. ಸೀಗಡಿಗೆ ಅತ್ತೆ ಎಂದು ಯಾರಿಗೂ ಹೇಳಬೇಡ.

ನನ್ನ ಕೈಗುಣವೇ ಸರಿಯಿಲ್ಲ. ಇನ್ನು ಕಳುಹಿಸಬೇಡ.

ಶಾಂತಲಾ


ತೊರಪಳ್ಳಿ
೫ ಸೆಪ್ಟೆಂಬರ್ ೨೦೨೪

ಅಕ್ಕನಿಗೆ ಶಿಕ್ಷಕರ ದಿನದ ನಮಸ್ಕಾರ.

ಕೈಗುಣ ಎಂಬುದೆಲ್ಲ ಸುಳ್ಳು. ಕಾರಣ ಇದ್ದೇ ಇರುತ್ತದೆ, ಹುಡುಕಬೇಕು. ಕೆಟ್ಟ ಮೋಟಾರು ಅಂಗಡಿಗೆ ಬಂದರೆ ನಾನು ಒಂದೊಂದೇ ತಂತಿ ಮುಟ್ಟಿ ನೋಡುತ್ತೇನೆ, ಹಾಗೆ ಕೇಳುತ್ತೇನೆ, ಉತ್ತರ ಬರೆ.

ಕೋಣೆಯಲ್ಲಿ ಸೊಳ್ಳೆ ಔಷಧಿ ಹಚ್ಚುತ್ತೀಯಾ? ಕೈಗೆ ಮುಲಾಮು ಹಚ್ಚಿಕೊಂಡು ನೀರಿಗೆ ಕೈ ಹಾಕಿದ್ದೀಯಾ? ಮೊಣಕಾಲಿನ ಎಣ್ಣೆ? ಪಾಲಕ್ ಅಂಗಡಿಯದ್ದಾ, ಔಷಧಿ ಹೊಡೆದದ್ದಾ?

ಮುಖ್ಯವಾದದ್ದು ಇದು. ತಾಮ್ರ ಎಲ್ಲಾದರೂ ತಗಲುತ್ತಿದೆಯಾ? ತಾಮ್ರದ ಪೈಪು, ಗೀಸರಿನ ನೀರು, ತಾಮ್ರದ ಪಾತ್ರೆ, ಯಾವುದಾದರೂ? ನಮಗೆ ಒಳ್ಳೆಯದು, ಸೀಗಡಿಗೆ ಅದು ವಿಷ. ಸ್ವಲ್ಪವೇ ಸಾಕು. ನೀನು ಬರೆದ ಓಡಾಟ, ವಾಲಿ ಬೀಳುವುದು ಎಲ್ಲ ಅದಕ್ಕೆ ಹೊಂದುತ್ತದೆ. ನಾನು ದಿನವಿಡೀ ತಾಮ್ರದ ತಂತಿ ಸುತ್ತುವವನು, ತೊಟ್ಟಿ ಮುಟ್ಟುವ ಮೊದಲು ಮೂರು ಸಲ ಸೋಪು ಹಾಕಿ ಮೊಣಕೈವರೆಗೆ ತೊಳೆಯುತ್ತೇನೆ. ನಿನಗೆ ಮೊದಲೇ ಹೇಳಬೇಕಿತ್ತು, ಹೊಳೆಯಲಿಲ್ಲ. ನೀರನ್ನು ಯಾವ ಪಾತ್ರೆಯಲ್ಲಿ ಇಡುತ್ತೀಯ?

ನಂಜುಂಡೇಶ


ಉದಗಮಂಡಲ
೮ ಸೆಪ್ಟೆಂಬರ್ ೨೦೨೪
(ಅಂಚೆಗೆ ಹಾಕದೆ ಇಟ್ಟುಕೊಂಡದ್ದು)

ನಂಜುಂಡ,

ಬಿಂದಿಗೆ ನನ್ನ ಹತ್ತಿರ ಇದೆ. ಕಮಲಂ ಕದಿಯಲಿಲ್ಲ, ನಾನು ತಂದೆ.

ಹನ್ನೊಂದನೇ ದಿನ ಮೂರು ಗಂಟೆ ಬಸ್ಸಿಗೆ ಹೊರಟೆನಲ್ಲ, ಆಗ ದೊಡ್ಡ ಬ್ಯಾಗಿನಲ್ಲಿ ಎರಡು ಸ್ವೆಟರುಗಳ ಮಧ್ಯೆ ಸುತ್ತಿಟ್ಟಿದ್ದೆ. ನನ್ನ ಮೊಣಕಾಲು ನೋಡಿ ಕಮಲಂ ಆ ಬ್ಯಾಗನ್ನು ಬಸ್ಸಿನವರೆಗೂ ಹೊತ್ತು ತಂದಳು. ನಾನು ಹೋದ ಮೇಲೆ ನೀನು ಬಿಂದಿಗೆ ಹುಡುಕಿದ್ದು, ಊಟಕ್ಕೆ ಬಂದವರೆಲ್ಲರ ಎದುರು ಅವಳನ್ನು ಕಳ್ಳಿ ಎಂದದ್ದು, ಅವಳ ಚೀಲ ಸುರಿದು ನೋಡಿದ್ದು, ಎಲ್ಲ ಮರುದಿನ ನೆಂಟರ ಬಾಯಿಂದ ನನಗೆ ಗೊತ್ತಾಯಿತು. ಆವತ್ತೇ ಫೋನ್ ಮಾಡಬಹುದಿತ್ತು. ಮಾತಾಡುವುದಿಲ್ಲ ಎಂದು ಆಣೆ ಹಾಕಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಮೂವತ್ತೊಂದು ವರ್ಷ ಮಕ್ಕಳಿಗೆ ನಕಲು ಮಾಡಬೇಡಿ ಎಂದು ಹೇಳಿದವಳಿಗೆ ನಾಚಿಕೆ.

ಒಂದು ರಾತ್ರಿ ನೀರು ಇಡು ಎಂದು ನೀನು ಬರೆದಾಗ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಪಾತ್ರೆ ಯಾವುದೋ ಅದನ್ನೇ ತೆಗೆದೆ. ಅಮ್ಮ ಮನೆಗೆ ಬಂದವರಿಗೆಲ್ಲ ಬಿಂದಿಗೆಯ ನೀರನ್ನೇ ಕೊಡುತ್ತಿದ್ದಳು. ಇವೂ ತವರಿನಿಂದ ಬಂದವು, ಬಕೆಟ್ಟಿನ ನೀರು ಹಾಕಲು ಮನಸ್ಸು ಬರಲಿಲ್ಲ. ಶುಕ್ರವಾರ ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿ, ನೀರು ತುಂಬಿಸಿ, ಶನಿವಾರ ಹಾಕುತ್ತಿದ್ದೆ. ಅಷ್ಟು ಪ್ರೀತಿಯಿಂದ ವಿಷ ಹಾಕಿದ್ದೇನೆ.


ಉದಗಮಂಡಲ
೯ ಸೆಪ್ಟೆಂಬರ್ ೨೦೨೪

ನಂಜುಂಡನಿಗೆ ಆಶೀರ್ವಾದ.

ನಿನ್ನ ಪ್ರಶ್ನೆಗಳಿಗೆ ಉತ್ತರ. ಸೊಳ್ಳೆ ಔಷಧಿ ಹಚ್ಚುವುದಿಲ್ಲ, ಈ ಚಳಿಗೆ ಸೊಳ್ಳೆಯೇ ಇಲ್ಲ. ಮುಲಾಮು, ಎಣ್ಣೆ ಇಲ್ಲ. ಪಾಲಕ್ ಹಿತ್ತಲಿನದು. ಪೈಪು ಪ್ಲಾಸ್ಟಿಕ್ಕಿನದು. ನೀರು ಇಡುವುದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ.

ಉಳಿದ ನಾಲ್ಕು ಸದ್ಯಕ್ಕೆ ಇವೆ.

ಶಾಂತಲಾ


ತೊರಪಳ್ಳಿ
೧೭ ಸೆಪ್ಟೆಂಬರ್ ೨೦೨೪

ಅಕ್ಕನಿಗೆ ನಮಸ್ಕಾರ.

ನಿನ್ನ ಉತ್ತರ ನೋಡಿದೆ. ನಿನ್ನ ಕಡೆ ಏನೂ ತಪ್ಪಿಲ್ಲ ಎಂದಮೇಲೆ ತಪ್ಪು ನನ್ನ ಕಡೆಯದ್ದು. ನನ್ನ ಸೀಗಡಿಗಳಿಗೆ ರೋಗ ತಗಲಿದೆ. ಎರಡು ಸಲ ಕಳುಹಿಸಿದೆ, ಎರಡು ಸಲವೂ ಸತ್ತವು. ಈ ವಾರ ನನ್ನ ಒಂದನೇ ತೊಟ್ಟಿಯಲ್ಲೂ ಎರಡು ಸತ್ತವು. ಮುದಿಯಾಗಿದ್ದವು ಎಂದು ಮೊದಲು ಅಂದುಕೊಂಡೆ, ಈಗ ಹಾಗೆ ಅನಿಸುತ್ತಿಲ್ಲ.

ಗೂಡಲೂರಿನಲ್ಲೂ ಮಸಿನಗುಡಿಯಲ್ಲೂ ಕೆಲವರು ಮರಿ ಕೇಳಿದ್ದಾರೆ. ರೋಗದ್ದನ್ನು ಊರಿಗೆಲ್ಲ ಹಂಚುವವನು ನಾನಲ್ಲ. ಮೂರೂ ತೊಟ್ಟಿ ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಒಣಗಿಸುತ್ತೇನೆ. ಭಾನುವಾರ ಅಂಗಡಿ ರಜೆ, ಅವತ್ತು ಆ ಕೆಲಸ. ಪಾಚಿ, ಕಲ್ಲು, ಏನನ್ನೂ ಉಳಿಸುವ ಹಾಗಿಲ್ಲ. ನೀನೂ ಆ ನಾಲ್ಕನ್ನು ತೆಗೆದುಬಿಡು.

ವೀಣಾ 'ಒಂಬತ್ತ್ ವರ್ಷ ಸಾಕಿ ಒಂದೇ ದಿನಕ್ಕೆ ಹೆಂಗ್ರೀ ಮನಸ್ಸ್ ಬರ್ತದೆ?' ಎಂದು ಕೇಳಿದಳು. ಬರುವುದಿಲ್ಲ, ಆದರೂ ಮಾಡಬೇಕು. ಬೆಳಿಗ್ಗೆ ಎದ್ದು ಮೊದಲು ನೋಡುವುದು ಅವನ್ನೇ ಅಕ್ಕ. ಸೋಮವಾರದಿಂದ ಏನು ನೋಡುವುದೋ ತಿಳಿಯದು.

ನಂಜುಂಡೇಶ


ಉದಗಮಂಡಲ
೨೨ ಸೆಪ್ಟೆಂಬರ್ ೨೦೨೪, ಭಾನುವಾರ

ನಂಜುಂಡ,

ಬೆಳಿಗ್ಗೆ ಎಂಟು ಗಂಟೆಗೆ ಫೋನಿನಲ್ಲಿ ನಾನು ಹೇಳಿದ್ದು 'ತೊಟ್ಟಿ ಮುಟ್ಟಬೇಡ, ರೋಗ ಇಲ್ಲ, ಕಾಗದ ಬರ್ತಾ ಇದೆ' ಅಷ್ಟೇ. ಎರಡು ವರ್ಷದ ಮೇಲೆ ನನ್ನ ದನಿ ಕೇಳಿ ನೀನು 'ಅಕ್ಕಾ?' ಎಂದೆ. ಆಮೇಲೆ 'ಎರಡು ಆಗೋಯ್ತಲ್ಲಕ್ಕ, ಮೂರನೇದು ಐತೆ' ಎಂದೆ.

ನಿನ್ನ ಕಾಗದ ಶುಕ್ರವಾರವೇ ನನ್ನ ಕೈ ಸೇರಿತ್ತು. ಎರಡು ದಿನ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಶುಕ್ರವಾರ ಫೋನ್ ಮಾಡಿದ್ದರೆ ಮೂರೂ ಉಳಿಯುತ್ತಿದ್ದವು. ಆ ಎರಡು ತೊಟ್ಟಿ ನನ್ನ ಲೆಕ್ಕಕ್ಕೆ.

ಹದಿನಾಲ್ಕು ದಿನದ ಹಿಂದೆ ಬರೆದು ಅಂಚೆಗೆ ಹಾಕದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದು.

ಅದನ್ನು ಹರಿದು ಹಾಕಿ ಬಕೆಟ್ ಎಂದು ಸುಳ್ಳು ಬರೆಯಬೇಕೆಂದಿದ್ದೆ. ಸುಳ್ಳು ಬರೆದೆ, ಹರಿಯಲು ಆಗಲಿಲ್ಲ. ಬಿಂದಿಗೆಯನ್ನು ಅಟ್ಟದ ಮೇಲಿಟ್ಟು ಬಕೆಟ್ಟಿನ ನೀರು ಹಾಕತೊಡಗಿದೆ. ಉಳಿದವು ಬದುಕಿದವು, ಯಾರಿಗೂ ಗೊತ್ತಾಗದೆ ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ನೀನು ನಿನ್ನ ಸೀಗಡಿಗಳ ಮೇಲೆ ತಪ್ಪು ಹೊರಿಸಿದೆ. ನಾನು ಸುಮ್ಮನಿದ್ದುಕೊಂಡು, ಏನೂ ಮಾಡದವರ ಮೇಲೆ ತಪ್ಪು ಬೀಳಲು ಬಿಟ್ಟದ್ದು ಇದು ಎರಡನೇ ಸಲ. ಮೊದಲ ಸಲದ್ದು ಒಬ್ಬ ಹೆಂಗಸು.

ಬೈಯುವುದಾದರೆ ಬೈ. ಬಿಂದಿಗೆ ಬೇಕಾದರೆ ಸುಧಾಕರನ್ ಕೈಯಲ್ಲಿ ನಾಳೆಯೇ ಕಳುಹಿಸುತ್ತೇನೆ.

ಶಾಂತಲಾ


ತೊರಪಳ್ಳಿ
೨೬ ಸೆಪ್ಟೆಂಬರ್ ೨೦೨೪

ಅಕ್ಕನಿಗೆ,

ಎರಡೂ ಕಾಗದ ಓದಿದೆ. ವೀಣಾಳಿಗೂ ಓದಿ ಹೇಳಿದೆ.

ಬಿಂದಿಗೆ ಕಳುಹಿಸಬೇಡ. ಎಲ್ಲರ ಮುಂದೆ ಅವಳ ಚೀಲ ಸುರಿದವನು ನಾನು. ದೇವಾಲಕ್ಕೆ ಹೋಗಿ ಬರುತ್ತೇನೆ. ಅಲ್ಲಿಯವರೆಗೆ ನನ್ನಿಂದ ಏನೂ ಬರೆಯಲಾಗುವುದಿಲ್ಲ.

ನಂಜುಂಡೇಶ


ತೊರಪಳ್ಳಿ
೩ ಅಕ್ಟೋಬರ್ ೨೦೨೪

ಅಕ್ಕನಿಗೆ,

ನಿನ್ನೆ ರಜೆ, ದೇವಾಲಕ್ಕೆ ಹೋಗಿದ್ದೆ. ಕಮಲಂ ಟೀ ಎಸ್ಟೇಟಿನ ಲೈನ್ ಮನೆಯಲ್ಲಿದ್ದಾಳೆ, ಎಲೆ ಕೀಳುವ ಕೆಲಸ. ಕೂರಲು ಹೇಳಿ ಟೀ ಕೊಟ್ಟಳು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

'ಬಿಂದಿಗೆ ಸಿಕ್ತು ಕಮಲಂ' ಎಂದೆ.

'ಅಕ್ಕನ ಮನೇಲಿ ಇತ್ತಾ ಅಣ್ಣಾ?' ಎಂದಳು.

ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. 'ಬ್ಯಾಗು ಹೊತ್ಕೊಂಡು ಹೋಗಿದ್ದು ನಾನೇ ಅಲ್ವಾ? ನಾಲ್ಕು ವರ್ಷ ದಿನಾ ತೊಳ್ದು ನೀರು ತುಂಬ್ಸಿದ ಬಿಂದಿಗೆ. ಸ್ವೆಟ್ಟರು ಸುತ್ತಿದ್ರೆ ಕೈಗೆ ಗೊತ್ತಾಗಲ್ವಾ?' ಎಂದಳು.

ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ ಎಂದೆ. ಆಗ ಅವಳು ಹೇಳಿದ್ದು ಇದು: 'ನಾನು ಹೇಳಿದ್ರೆ ನೀವು ನಂಬ್ತಿದ್ರಾ? ಟೀಚರಮ್ಮನ ಮೇಲೆ ಹಾಕ್ತಾಳೆ ಅಂತ ಎರಡು ಏಟೂ ಬೀಳ್ತಿತ್ತು. ಅಕ್ಕನೇ ಫೋನ್ ಮಾಡಿ ಹೇಳ್ತಾರೆ ಅಂತ ಕಾದೆ. ನಮ್ಮಲ್ಲಿ ಆವಾಗ ಫೋನ್ ಇಲ್ಲ, ಪಕ್ಕದ ಮನೇಲಿ ಬೆಲ್ ಆದ್ರೆ ಓಡಿ ಹೋಗ್ತಿದ್ದೆ. ಒಂದು ವಾರ ಓಡಿದೆ. ಆಮೇಲೆ ಬಿಟ್ಟೆ.'

ಗೂಡಲೂರಿನಲ್ಲಿ ಯಾವ ಮನೆಯವರೂ ಅವಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲವಂತೆ. ನನ್ನಿಂದ ತಪ್ಪಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದೆ. ಅವಳೇನೂ ಸಿಟ್ಟು ಮಾಡಲಿಲ್ಲ. 'ಇಲ್ಲಿ ಕೂತ್ಕೊಂಡು ಹೇಳಿದ್ರೆ ಯಾರಿಗೆ ಕೇಳುತ್ತೆ ಅಣ್ಣಾ? ಕಳ್ಳಿ ಅಂದಿದ್ದು ಅಷ್ಟು ಜನರ ಮುಂದೆ' ಎಂದಳು. ಲೋಟ ತೆಗೆದುಕೊಂಡು ಒಳಗೆ ಹೋದಳು.

ನವೆಂಬರ್ ಹತ್ತಕ್ಕೆ ಅಮ್ಮನ ವರ್ಷದ ಕಾರ್ಯ. ಅವತ್ತು ಇದ್ದವರೆಲ್ಲ ಬರುತ್ತಾರೆ. ನನ್ನ ತಪ್ಪನ್ನು ನಾನು ಅಲ್ಲಿ ಹೇಳುತ್ತೇನೆ. ನಿನ್ನ ಹೆಸರು ಹೇಳಬೇಕೋ ಬೇಡವೋ ನೀನೇ ಬರೆ. ಬೇಡ ಎಂದರೆ, ಬಿಂದಿಗೆ ನಮ್ಮ ಮನೆಯ ಅಟ್ಟದಲ್ಲೇ ಸಿಕ್ಕಿತು ಎಂದು ಹೇಳಿ ಮುಗಿಸುತ್ತೇನೆ. ಅಕ್ಕನ ಮಾನವೂ ನನಗೆ ಬೇಕು.

ನಂಜುಂಡೇಶ


ಉದಗಮಂಡಲ
೫ ನವೆಂಬರ್ ೨೦೨೪

ನಂಜುಂಡನಿಗೆ ಅಕ್ಕನ ಆಶೀರ್ವಾದ.

ಒಂದು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ ಎಂದಲ್ಲ. ಅಟ್ಟದಲ್ಲಿ ಸಿಕ್ಕಿತು ಎನ್ನುತ್ತೇನೆ ಎಂದು ನೀನು ಬರೆದ ಸಾಲನ್ನು ದಿನಾ ಓದುತ್ತಿದ್ದೆ. ಎಷ್ಟು ಅನುಕೂಲವಾದ ಸಾಲು! ಹತ್ತು ದಿನ ಅದನ್ನೇ ಒಪ್ಪಿಕೊಂಡಿದ್ದೆ. ಆಮೇಲೆ ಪಕ್ಕದ ಮನೆಯಲ್ಲಿ ಫೋನ್ ಬೆಲ್ ಆದಾಗಲೆಲ್ಲ ಕಮಲಂ ಓಡುವುದು ಕಣ್ಣಿಗೆ ಕಟ್ಟತೊಡಗಿತು.

ನೀನು ನನ್ನ ಹೆಸರು ಹೇಳುವುದು ಬೇಡ. ನಾನೇ ಬಂದು ಹೇಳುತ್ತೇನೆ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ದೇವಾಲಕ್ಕೆ ನೀನೇ ಹೋಗಿ ಕಮಲಂಳನ್ನು ಕರೆ. ನಾನು ಕರೆದರೆ ಬರಬೇಕಾದ ಅಗತ್ಯ ಅವಳಿಗಿಲ್ಲ. ಬಂದರೆ ಅಡುಗೆಮನೆಯಲ್ಲಿ ಅಲ್ಲ, ನೆಂಟರ ಜೊತೆ ಚಾಪೆಯ ಮೇಲೆ ಕೂರಿಸು. ಬಾರದಿದ್ದರೂ ನಾನು ಹೇಳುವುದು ಹೇಳುತ್ತೇನೆ. ಬಿಂದಿಗೆ ಯಾರಿಗೆ ಎಂಬುದನ್ನು ಅವಳೇ ಹೇಳಲಿ. ಬಾವಿಗೆ ಹಾಕಿ ಎಂದರೂ ಸರಿ.

ಇನ್ನೊಂದು. ಉಳಿದ ನಾಲ್ಕರಲ್ಲಿ ಒಂದು ಬಸುರಿ ಇತ್ತಲ್ಲ, ನಿನ್ನ ಒಂದನೇ ತೊಟ್ಟಿಯದು, ಅದು ಸೆಪ್ಟೆಂಬರ್ ಮಧ್ಯದಲ್ಲೇ ಮರಿ ಬಿಟ್ಟಿದೆ. ಮೊದಲು ಕಣ್ಣಿಗೇ ಕಾಣಲಿಲ್ಲ, ಈಗ ಪಾಚಿಯ ಮೇಲೆಲ್ಲ ಹರಿದಾಡುತ್ತಿವೆ. ಎಣಿಸಲು ಹೋದರೆ ನಿಲ್ಲುವುದಿಲ್ಲ, ಒಮ್ಮೆ ಹತ್ತೊಂಬತ್ತು, ಒಮ್ಮೆ ಇಪ್ಪತ್ತಮೂರು. ಬಣ್ಣ ನಿನ್ನದೇ. ಅರ್ಧ ತರುತ್ತೇನೆ, ಒಂದು ತೊಟ್ಟಿ ತೊಳೆದಿಡು. ಚೀಲದ ನೀರು ಬಕೆಟ್ಟಿನದು, ಈ ಸಲ ನಿಜವಾಗಿಯೂ ಬಕೆಟ್ಟಿನದು.

ನಿನ್ನೆ ಬಸ್ ಸ್ಟ್ಯಾಂಡಿಗೆ ಹೋಗಿ ಸುಧಾಕರನ್‌ನನ್ನು ಕಂಡೆ. ಒಂದು ಬಿಂದಿಗೆ ತರುತ್ತೇನೆ, ಮುಂದಿನ ಸೀಟು ಬೇಕು ಎಂದೆ. 'ಬಟ್ಟೆ ಸುತ್ಕೊಂಡ್ ಬನ್ನಿ ಟೀಚರ್, ಇಲ್ಲಾಂದ್ರೆ ತಿರುವಲ್ಲಿ ಜಜ್ಜಿ ಹೋಗುತ್ತೆ' ಎಂದ. 'ಬೇಡಪ್ಪ, ತೊಡೆ ಮೇಲೆ ಇಟ್ಕೊತೀನಿ, ಎಲ್ಲರಿಗೂ ಕಾಣಲಿ. ಹೋದ ಸಲ ಸುತ್ತಿ ತಂದಿದ್ದೆ. ಇದು ನಾನು ಕದ್ದ ಬಿಂದಿಗೆ' ಎಂದೆ. ತಮಾಷೆ ಎಂದುಕೊಂಡು ನಕ್ಕ. ಇನ್ನೊಮ್ಮೆ ಹೇಳಿದೆ, ಕಮಲಂ ಹೆಸರು ಸೇರಿಸಿ. ಆಗ ನಗಲಿಲ್ಲ, ತಲೆ ತಗ್ಗಿಸಿ ಟಿಕೆಟ್ ಮಷೀನ್ ಒರೆಸುತ್ತಾ ನಿಂತ.

ನಂಜುಂಡ, ಒಬ್ಬರಿಗೆ ಹೇಳಿ ಆಯಿತು.

ಶಾಂತಲಾ